ಹ್ಯಾಟಿ ಇಲ್ಲದ ಹುಂಜಗಳ ಗುಂಪು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಜವಾರಿ ಕೋಳಿ ಸಾಕುವವರನ್ನು ಪ್ರತಿ ಕಾವು ಮುಗಿದ ಮೇಲೂ ಕಾಡುವುದು ಹೆಚ್ಚಾದ ಹುಂಜಗಳ ಲೆಕ್ಕ. ಅವನ್ನು ಹ್ಯಾಟಿಗಳಿಂದ, ಅಂದರೆ ಹೆಣ್ಣು ಕೋಳಿಗಳಿಂದ, ಬೇರೆ ಮಾಡಿ ಒಂದೇ ಗುಂಪಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳುವವರು ಬಹಳ. ಪ್ರಶ್ನೆಗಳನ್ನು ಜನ ಕೇಳುವ ಧಾಟಿಯಲ್ಲೇ ಇಟ್ಟಿದ್ದೇನೆ. ಹಿತ್ತಲಲ್ಲೋ ತೋಟದಲ್ಲೋ ಹತ್ತಿಪ್ಪತ್ತು ಹುಂಜ ಇಡುವವರಿಗಾಗಿ ಬರೆದದ್ದು ಇದು. ಸಾವಿರ ಕೋಳಿಯ ಫಾರ್ಮಿನ ಲೆಕ್ಕಾಚಾರವೇ ಬೇರೆ.

ಹ್ಯಾಟಿ ಇಲ್ಲದ ಬರೀ ಹುಂಜ ಕೂಡಿಟ್ರ ಕಡದಾಡಿ ಸಾಯೂದಿಲ್ಲೇನ್ರಿ?

ಮರಿಯಿಂದಲೇ ಜೊತೆಗೆ ಬೆಳೆದಿದ್ದು, ಹ್ಯಾಟಿಗಳು ಕಣ್ಣಿಗೆ ಬೀಳದಿದ್ದು, ಸೋತ ಹುಂಜಕ್ಕೆ ಓಡಿಹೋಗಲು ಜಾಗವಿದ್ದರೆ ಸಾಯುವ ಮಟ್ಟದ ಕಡಿದಾಟ ಅಪರೂಪ. ಒಂದೇ ಅಂಗಳದಲ್ಲಿ ಐದು ಹ್ಯಾಟಿ, ನಾಲ್ಕು ಹುಂಜ ಬಿಟ್ಟವರ ಮನೆಗಿಂತ, ಹನ್ನೆರಡು ಹುಂಜಗಳನ್ನಷ್ಟೇ ಇಟ್ಟವರ ಮನೆಯಲ್ಲಿ ಗದ್ದಲ ಕಡಿಮೆ. ಹ್ಯಾಟಿಗಳಿದ್ದರೆ ಹುಂಜಗಳಿಗೆ ಜಗಳಕ್ಕೆ ದಿನವೂ ಕಾರಣವಿರುತ್ತದೆ. ಅವಿಲ್ಲದಿದ್ದರೆ ಉಳಿಯುವುದು ಕಾಳಿನ ಜಗಳ, ಮಲಗುವ ಜಾಗದ ಜಗಳ, ಅಷ್ಟೇ.

ಕೋಳಿಗಳಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬ ಸಾಲು ಇರುತ್ತದೆ. ನಾರ್ವೆಯ ಥೊರ್ಲೀಫ್ ಶೆಲ್ಡೆರಪ್-ಎಬ್ಬೆ ಎಂಬಾತ 1920ರ ದಶಕದ ಆರಂಭದಲ್ಲಿ ಇದನ್ನು ಬರೆದಿಟ್ಟ. ಯಾವುದು ಯಾವುದನ್ನು ಕುಕ್ಕುತ್ತದೆ, ಯಾವುದು ಸುಮ್ಮನೆ ದಾರಿ ಬಿಡುತ್ತದೆ ಎಂದು ಕೋಳಿಗಳ ಮುಂದೆ ಕೂತು ಗಮನಿಸಿ ಕಂಡುಕೊಂಡದ್ದು. ಈ ಸಾಲು ಒಮ್ಮೆ ಗಟ್ಟಿಯಾದರೆ ದಿನದಿನವೂ ಹೊಸದಾಗಿ ತೀರ್ಮಾನವಾಗಬೇಕಿಲ್ಲ. ಮೇಲಿನದು ಒಮ್ಮೆ ನೋಡಿದರೆ ಸಾಕು, ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ. ಸಾಲು ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದ: ಒಂದನ್ನು ಹಿಡಿದು ಒಯ್ಯುತ್ತೇವೆ, ಇನ್ನೊಂದನ್ನು ತಂದು ಬಿಡುತ್ತೇವೆ. ಮುಂದಿನ ಅರ್ಧಕ್ಕರ್ಧ ಉತ್ತರಗಳು ಈ ವಿಷಯಕ್ಕೇ ಬಂದು ನಿಲ್ಲುತ್ತವೆ.

ಕೊಯ್ದು ಊಟ ಮಾಡೂದು ಬಿಟ್ಟು ಇವನ್ನ ಯಾಕ ಸಾಕಬೇಕು?

ಸಾಕಲೇಬೇಕು ಅಂತ ಯಾರೂ ಹೇಳಿಲ್ಲ. ಆದರೆ ಕಾವಿಗೆ ಕೂಡಿಸಿದ ಹ್ಯಾಟಿ 21 ದಿನಕ್ಕೆ ಹತ್ತು ಮರಿ ಎಬ್ಬಿಸಿದರೆ ಅದರಲ್ಲಿ ಸರಾಸರಿ ಐದು ಹುಂಜ. ಹಿಂಡಿಗೆ ಬೇಕಾದದ್ದು ಎಂಟು-ಹತ್ತು ಹ್ಯಾಟಿಗೆ ಒಂದೇ ಹುಂಜ. ಉಳಿದವನ್ನು ಮೂರು ತಿಂಗಳಿಗೇ ಮಾರಿದರೆ ತೂಕವೂ ಇರುವುದಿಲ್ಲ, ದರವೂ ಸಿಗುವುದಿಲ್ಲ. ಹ್ಯಾಟಿಗಳ ಜೊತೆಗೇ ಬಿಟ್ಟರೆ ಅವು ಹ್ಯಾಟಿಗಳ ಬೆನ್ನಿನ ಗರಿ ಕಿತ್ತು, ಮೈ ಗಾಯ ಮಾಡಿ, ಮೊಟ್ಟೆಯನ್ನೂ ಕಡಿಮೆ ಮಾಡುತ್ತವೆ. ಹಾಗಾಗಿ ಆರೇಳು ತಿಂಗಳು ಬೇರೆ ಇಟ್ಟು ಬೆಳೆಸುವುದು ಲೆಕ್ಕಕ್ಕೆ ಸರಿ. ಮಾರದೆ ಸುಮ್ಮನೆ ಚೆಂದಕ್ಕೆ ಇಟ್ಟುಕೊಳ್ಳುವವರೂ ಇದ್ದಾರೆ. ಚೆನ್ನಾಗಿ ನೋಡಿಕೊಂಡರೆ ಹುಂಜ ಐದರಿಂದ ಎಂಟು ವರ್ಷ ಬದುಕುತ್ತದೆ.

ಮರಿ ಇದ್ದಾಗ ಗುರ್ತ ಹಿಡಿಯೂದು ಹೆಂಗ? ಯಾವಾಗ ಬ್ಯಾರೆ ಮಾಡಬೇಕು?

ಆರರಿಂದ ಎಂಟು ವಾರಕ್ಕೆ ಜುಟ್ಟು ನೋಡಿ. ಹುಂಜಮರಿಯದು ದಪ್ಪಗೆ, ಕೆಂಪಗೆ ಏಳುತ್ತದೆ. ಹ್ಯಾಟಿಮರಿಯದು ಇನ್ನೂ ಮಾಸಲು ಹಳದಿಯೇ. ಸಂಶಯ ಉಳಿದರೆ ಮೂರು ತಿಂಗಳಿಗೆ ಕುತ್ತಿಗೆಯ ಮತ್ತು ಬಾಲದ ಬುಡದ ಗರಿ ಬಿಡಿಸಿ ನೋಡಿ. ತುದಿ ಚೂಪಾಗಿ, ಹೊಳಪಾಗಿದ್ದರೆ ಹುಂಜ. ಗುಂಡಗಿದ್ದರೆ ಹ್ಯಾಟಿ.

ಬೇರೆ ಮಾಡುವ ಕಾಲವೂ ಅದೇ, 12ರಿಂದ 14 ವಾರ. ಹ್ಯಾಟಿ ಹತ್ತಲು ಕಲಿಯುವ ಮೊದಲೇ ತೆಗೆಯಬೇಕು, ಎಲ್ಲವನ್ನೂ ಒಂದೇ ದಿನ ತೆಗೆಯಬೇಕು. ಇವತ್ತು ಎರಡು, ಮುಂದಿನ ವಾರ ಮೂರು ಎಂದು ಮಾಡಿದರೆ ಪ್ರತಿ ಸಲವೂ ಹೊಸ ಜಗಳ.

ಎಷ್ಟ ಹುಂಜಕ್ಕ ಎಷ್ಟ ಜಾಗಾ ಬೇಕು?

ರಾತ್ರಿ ಮಲಗುವ ಗೂಡಿನಲ್ಲಿ ಒಂದಕ್ಕೆ ನಾಲ್ಕು ಚದರ ಅಡಿ ಇದ್ದರೆ ನಡೆಯುತ್ತದೆ. ಹಗಲಿನ ಜಾಗದಲ್ಲಿ ಮಾತ್ರ ಜಿಪುಣತನ ಬೇಡ. ಹತ್ತು ಹುಂಜಕ್ಕೆ ಕಾಲು ಗುಂಟೆ, ಅಂದರೆ ಸುಮಾರು 270 ಚದರ ಅಡಿ, ಕನಿಷ್ಠ ಎಂದು ನಾನು ಹೇಳುತ್ತೇನೆ. ಅರ್ಧ ಗುಂಟೆ ಇದ್ದರೆ ಆರಾಮ.

ಅಳತೆಗಿಂತ ಜಾಗದ ಆಕಾರ ಮುಖ್ಯ. ನಾಲ್ಕು ಮೂಲೆಯ ಬಯಲು ಅಂಗಳದಲ್ಲಿ ಸೋತ ಹುಂಜ ಓಡುತ್ತ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಗೆದ್ದದ್ದು ಬೆನ್ನು ಬಿಡುವುದಿಲ್ಲ. ನಡುನಡುವೆ ಮರೆ ಬೇಕು: ನಿಲ್ಲಿಸಿದ ಕಣಿಕೆ ಸೂಡು, ಹಳೆ ಟ್ರ್ಯಾಕ್ಟರ್ ಟಯರು, ಮುರಿದ ಚಕ್ಕಡಿಯ ಗಾಲಿ, ಏನಾದರೂ ಸರಿ. ಕಣ್ಣಿಗೆ ಮರೆಯಾದ ಕೂಡಲೇ ಬೆನ್ನಟ್ಟುವುದು ಅರ್ಧಕ್ಕೇ ನಿಲ್ಲುತ್ತದೆ. ಮೂಲೆಗಳಿಗೆ ಒಂದು ಹಲಗೆ ಅಡ್ಡ ಇಟ್ಟು ಗುಂಡಗೆ ಮಾಡಿ. ಗೂಡಿಗೆ ಎರಡು ಬಾಗಿಲಿರಲಿ. ಒಂದರಲ್ಲಿ ಯಜಮಾನ ಹುಂಜ ನಿಂತರೆ ಉಳಿದವು ಇನ್ನೊಂದರಿಂದ ಹೋಗುತ್ತವೆ. ಕೂಡಲು ಹಾಕುವ ಅಡ್ಡಗೋಲುಗಳನ್ನೆಲ್ಲ ಒಂದೇ ಎತ್ತರಕ್ಕೆ ಕಟ್ಟಿ. ಏಣಿಯಂತೆ ಒಂದರ ಮೇಲೊಂದು ಕಟ್ಟಿದರೆ ಮೇಲಿನ ಕೋಲಿಗಾಗಿ ಹೊತ್ತು ಮುಳುಗುವಾಗ ದಿನವೂ ತಳ್ಳಾಟ.

ಎರಡೇ ಹುಂಜ ಇಡುವವರಿಗೆ ಒಂದು ಮಾತು. ಎರಡಿದ್ದರೆ ಹೊಡೆತವೆಲ್ಲ ಒಂದೇ ಹುಂಜಕ್ಕೆ. ಐದಾರಿದ್ದರೆ ಹಂಚಿಹೋಗುತ್ತದೆ.

ಗಿರಿರಾಜ, ಜವಾರಿ, ಕಡಕನಾಥ ಎಲ್ಲಾ ಕೂಡೇ ಬಿಡಬಹುದೇನ್ರಿ?

ಮರಿಯಿಂದ ಕೂಡಿ ಬೆಳೆದಿದ್ದರೆ ಬಿಡಬಹುದು. ಬೆಂಗಳೂರು ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ, ಎರಡೂ ದೊಡ್ಡ ಮೈಯ, ಸಮಾಧಾನದ ಹುಂಜಗಳು. ಜವಾರಿ ಹುಂಜ ಹಗುರ, ಚುರುಕು. ತೂಕದಲ್ಲಿ ಅರ್ಧ ಇದ್ದರೂ ಯಜಮಾನಿಕೆ ಜವಾರಿಯದೇ ಆಗುವುದು ಸಾಮಾನ್ಯ. ತೊಂದರೆ ಇರುವುದು ಮೇವಿನಲ್ಲಿ: ಗಿರಿರಾಜ ಹುಂಜ ತಿನ್ನುವ ಹೊತ್ತಿಗೆ ಜವಾರಿಗೆ ಉಳಿಯುವುದಿಲ್ಲ. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕನಾಥ ಸ್ವಲ್ಪ ಅಂಜುಬುರುಕ, ಮರೆ ಹೆಚ್ಚು ಬೇಕು.

ಅಸೀಲ್ ಮಾತ್ರ ಬೇಡ. ಪೀಳಿಗೆಗಳಿಂದ ಕಾಳಗಕ್ಕೇ ಆರಿಸಿ ಬೆಳೆಸಿದ ತಳಿ ಅದು. ಕೆಲವೇ ವಾರದ ಮರಿಗಳೇ ಒಂದಕ್ಕೊಂದು ಮುಖ ಕೊಟ್ಟು ನಿಲ್ಲುತ್ತವೆ, ಸೋತರೂ ಓಡುವುದಿಲ್ಲ. ಅಸೀಲ್ ಬೆರಕೆ ಇದೆ ಎಂದು ಗುಮಾನಿ ಇದ್ದರೂ ಅದನ್ನು ಬೇರೆಯೇ ಇಡಿ.

ಕಡದಾಟ ಯಾವಾಗ ಬಿಡಿಸಬೇಕು, ಯಾವಾಗ ಸುಮ್ನಿರಬೇಕು?

ನಿಂತು ನೋಡಿ. ಎರಡು ಹುಂಜ ಎದುರುಬದುರಾಗಿ ತಲೆ ತಗ್ಗಿಸಿ, ಕುತ್ತಿಗೆಯ ಗರಿ ಛತ್ರಿಯಂತೆ ಬಿಚ್ಚುತ್ತವೆ. ಒಂದು ಗಳಿಗೆ ಅಲುಗದೆ ಒಂದರ ಕಣ್ಣು ಒಂದು ನೋಡುತ್ತವೆ. ಎಷ್ಟೋ ಸಲ ಒಂದು ಅಲ್ಲೇ ನೆಲ ಕುಕ್ಕುವ ನೆಪ ಮಾಡಿ ಮುಖ ತಿರುಗಿಸುತ್ತದೆ, ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಎದೆಗೆ ಎದೆ ಕೊಟ್ಟು ಎರಡು ಮೂರು ಸಲ ಜಿಗಿದು ಒದೆಯುತ್ತವೆ, ಒಂದು ಓಡುತ್ತದೆ, ಇನ್ನೊಂದು ನಾಲ್ಕು ಹೆಜ್ಜೆ ಬೆನ್ನಟ್ಟಿ, ನಿಂತು, ರೆಕ್ಕೆ ಬಡಿದು ಕೂಗುತ್ತದೆ. ಇಷ್ಟಕ್ಕೆ ಕೈ ಹಾಕಬೇಡಿ. ಅರ್ಧಕ್ಕೆ ಬಿಡಿಸಿದರೆ ತೀರ್ಮಾನ ಆಗುವುದಿಲ್ಲ, ನೀವು ಮನೆಯೊಳಗೆ ಹೋದ ಮೇಲೆ ಮತ್ತೆ ಶುರು.

ಬಿಡಿಸಬೇಕಾದದ್ದು: ಸೋತದ್ದು ತಲೆ ಅಡಗಿಸಿ ಕೂತರೂ ಗೆದ್ದದ್ದು ಬೆನ್ನ ಮೇಲೆ ನಿಂತು ತಲೆ ಕುಕ್ಕುತ್ತಿದ್ದರೆ, ಮೂರನೆಯದು, ನಾಲ್ಕನೆಯದು ಬಂದು ಸೇರಿಕೊಂಡರೆ, ರಕ್ತ ಕಂಡರೆ, ಒಂದೇ ಹುಂಜ ಎರಡು ದಿನದಿಂದ ಮೇವಿನ ಹತ್ತಿರ ಬರದೆ ಮೂಲೆ ಹಿಡಿದಿದ್ದರೆ. ಈ ಕೊನೆಯದನ್ನು ಜನ ಗಮನಿಸುವುದೇ ಇಲ್ಲ. ಸದ್ದಿಲ್ಲದೆ ಹಸಿವೆಯಿಂದ ಸೊರಗುವ ಹುಂಜ, ಕಡಿದಾಟದಲ್ಲಿ ಸಾಯುವ ಹುಂಜಕ್ಕಿಂತ ಹೆಚ್ಚು. ಸಂಜೆ ಗೂಡಿಗೆ ಹೋದ ಮೇಲೆ ಒಂದೊಂದರ ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲ್ಗಡೆ ಇರುವ ಮೇವಿನ ಚೀಲ ಮುಟ್ಟಿ ನೋಡಿ. ತಿಂದಿದ್ದರೆ ನಿಂಬೆಹಣ್ಣಿನಷ್ಟು ಗಟ್ಟಿಯಾಗಿ ಕೈಗೆ ಸಿಗುತ್ತದೆ.

ಬಿಡಿಸುವಾಗ ನಡುವೆ ಬರಿಗೈ ಹಾಕಬೇಡಿ. ಒಂದು ಬುಟ್ಟಿಯನ್ನೋ ಗೋಣಿಚೀಲವನ್ನೋ ಗೆದ್ದ ಹುಂಜದ ಮೇಲೆ ಹಾಕಿ. ಕತ್ತಲಾದರೆ ತಣ್ಣಗಾಗುತ್ತದೆ.

ರಕ್ತ ಬಂತು. ಏನ ಮಾಡ್ಲಿ?

ಮೊದಲು ಆ ಹುಂಜವನ್ನು ಹೊರಗೆ ತೆಗೆಯಿರಿ. ಕೆಂಪು ಕಂಡರೆ ಉಳಿದವೆಲ್ಲ ಬಂದು ಕುಕ್ಕುತ್ತವೆ. ಜುಟ್ಟಿನ ಗಾಯದಲ್ಲಿ ರಕ್ತ ಬಹಳ ಬರುತ್ತದೆ, ನೋಡಲು ಭಯವಾಗುತ್ತದೆ, ಆದರೆ ಬಟ್ಟೆಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿಣ ಹಚ್ಚುವುದು ನಮ್ಮಲ್ಲಿ ರೂಢಿ, ಹಚ್ಚಿ, ಅಡ್ಡಿಯಿಲ್ಲ. ಕಣ್ಣಿಗೆ ಪೆಟ್ಟಾದರೆ, ಕಾಲುಮುಳ್ಳು ಆಳಕ್ಕೆ ನಾಟಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಮೇಲೆ ಸಣ್ಣ ತೂತು ಕಾಣುತ್ತದೆ, ಒಳಗೆ ಕೀವು ಕಟ್ಟುತ್ತದೆ.

ವರ್ಷ ದಾಟಿದ ಹುಂಜಗಳ ಕಾಲುಮುಳ್ಳು ಉದ್ದವಾಗಿ ಚೂಪಾಗಿದ್ದರೆ ತುದಿಯನ್ನಷ್ಟೇ ಅರದಿಂದ ತಿಕ್ಕಿ ಮೊಂಡು ಮಾಡಿ. ಬುಡಕ್ಕೆ ಕತ್ತರಿಸಬೇಡಿ, ಒಳಗೆ ಎಲುಬೂ ರಕ್ತನಾಳವೂ ಇವೆ.

ಸಂತಿಗೆ ಒಯ್ದ ಹುಂಜ ಮಾರಾಟ ಆಗ್ಲಿಲ್ಲ. ತಿರುಗಿ ಗುಂಪಿಗೆ ಬಿಟ್ರ ನಡೀತೈತೇನು?

ಬೆಳಿಗ್ಗೆ ಒಯ್ದು ಸಂಜೆ ತಂದಿದ್ದರೆ ಕತ್ತಲಾದ ಮೇಲೆ, ಉಳಿದವೆಲ್ಲ ಕೋಲಿನ ಮೇಲೆ ಕೂತಾಗ, ಅದರ ಜಾಗದಲ್ಲೇ ಕೂಡಿಸಿ. ಬಹುತೇಕ ನಡೆದುಹೋಗುತ್ತದೆ. ಆದರೆ ಸಂತೆಯಲ್ಲಿ ಬೇರೆ ಊರಿನ ಕೋಳಿಗಳ ಬುಟ್ಟಿಗೆ ತಾಗಿ ಕೂತ ಹುಂಜ ರೋಗವನ್ನೂ ಹೊತ್ತು ತಂದಿರಬಹುದು. ನನ್ನ ಮಟ್ಟಿಗೆ, ಸಂತೆಗೆ ಹೋದ ಹುಂಜ ಎರಡು ವಾರ ಬೇರೆ ಇರಲೇಬೇಕು. ಎರಡು ವಾರ ಬೇರೆ ಇದ್ದ ಮೇಲೆ ಗುಂಪಿಗೆ ಅದು ಹೊಸ ಹುಂಜವೇ.

ಹೊಸ ಹುಂಜ ಸೇರಿಸುವ ಕ್ರಮ ಹೀಗೆ. ಗುಂಪಿನ ಜಾಗದಲ್ಲೇ ತಂತಿ ಬಲೆಯ ಒಂದು ಪಂಜರದಲ್ಲಿ ಅದನ್ನು ಹತ್ತು ಹದಿನೈದು ದಿನ ಇಡಿ. ಮುಖ ಕಾಣಲಿ, ಕೊಕ್ಕು ತಾಗದಿರಲಿ. ಬಲೆಯ ಆಚೀಚೆ ಗರಿ ನಿಗುರಿಸುವುದು ನಿಂತ ಮೇಲೆ ಬಿಡಿ. ಬಿಡುವ ದಿನ ಒಂದನ್ನೇ ಬಿಡದೆ ಎರಡು ಮೂರು ಒಟ್ಟಿಗೆ ಬಿಟ್ಟರೆ ಒಳ್ಳೆಯದು; ಹಳೆಯವುಗಳ ಗಮನ ಹಂಚಿಹೋಗುತ್ತದೆ. ಎರಡು ವರ್ಷದ, ಎಲ್ಲಿಯೋ ಯಜಮಾನನಾಗಿದ್ದ ಹುಂಜವನ್ನು ತಂದು ಇನ್ನೊಬ್ಬ ಯಜಮಾನನಿರುವ ಗುಂಪಿಗೆ ಬಿಡುವುದನ್ನು ಮಾತ್ರ ಯಾವ ಕ್ರಮದಲ್ಲೂ ಮಾಡಬೇಡಿ.

ಒಂದ ಹುಂಜ ಇನ್ನೊಂದರ ಮ್ಯಾಲ ಹತ್ತತೈತಿ. ಏನರೆ ದೋಷಾ?

ದೋಷ ಗೀಷ ಏನೂ ಇಲ್ಲ. ತಾನು ಮೇಲಿನವನು ಎಂದು ತೋರಿಸುವ ರೀತಿ ಅದು. ಕೆಳಗಿನದಕ್ಕೆ ಬೆನ್ನಿನ ಗರಿ ಉದುರಿ ಚರ್ಮ ಕಾಣುತ್ತಿದ್ದರಷ್ಟೇ ಕೆಲ ದಿನ ಬೇರೆ ಮಾಡಿ.

ಮೇವು ಏನ ಹಾಕಬೇಕು? ಹ್ಯಾಟಿಗೆ ತಂದ ಫೀಡ್ ನಡೀತೈತಾ?

ಮೊಟ್ಟೆ ಕೋಳಿಯ ಲೇಯರ್ ಫೀಡ್ ಬೇಡ. ಮೊಟ್ಟೆಯ ಚಿಪ್ಪಿಗಾಗಿ ಅದರಲ್ಲಿ ಶೇ. 3.5ರಿಂದ 4ರಷ್ಟು ಸುಣ್ಣದಂಶ ಇರುತ್ತದೆ. ಹುಂಜಕ್ಕೆ ಅಷ್ಟು ಬೇಕಿಲ್ಲ. ತಿಂಗಳುಗಟ್ಟಲೆ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಬೆಳೆಯುವ ಕೋಳಿಗಳ ಗ್ರೋವರ್ ಫೀಡ್ ಸರಿ, ಅಥವಾ ಮನೆಯ ಮೇವು: ಜೋಳ, ಸಜ್ಜೆ, ಗೋವಿನಜೋಳದ ನುಚ್ಚು, ತೌಡು, ಸ್ವಲ್ಪ ಶೇಂಗಾ ಹಿಂಡಿ. ಬಿಟ್ಟು ಮೇಯಿಸುವ ಹುಂಜಕ್ಕೆ ಹುಳ-ಹುಪ್ಪಟೆ, ಸೊಪ್ಪು ಸಿಗುವುದರಿಂದ ಕಾಳು ಕಡಿಮೆ ಸಾಕು. ಕೂಡಿಹಾಕಿದ ಜವಾರಿ ಹುಂಜಕ್ಕೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ. ಗಿರಿರಾಜಕ್ಕೆ ಹೆಚ್ಚು.

ಮಳೆಗೆ ತೊಯ್ದು ಬೂಸು ಹಿಡಿದ ಗೋವಿನಜೋಳ, ಶೇಂಗಾ ಹಿಂಡಿ “ಕೋಳಿಗಾದರೂ ಆಗಲಿ” ಎಂದು ಹಾಕುವ ಚಾಳಿ ನಮ್ಮಲ್ಲಿದೆ. ಬೂಸಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರುತ್ತದೆ, ಲಿವರ್ ಹಾಳಾಗುತ್ತದೆ. ತಿಪ್ಪೆಗೆ ಹಾಕಿದರೂ ಕೋಳಿ ಕೆದರಿ ತಿನ್ನುತ್ತವೆ, ಮಣ್ಣಲ್ಲಿ ಹೂಳಿ.

ಮೇವನ್ನು ಒಂದೇ ಬುಟ್ಟಿಯಲ್ಲಿ ಇಡಬೇಡಿ. ಹತ್ತು ಹುಂಜಕ್ಕೆ ಮೂರು ಕಡೆ ಇಡಿ, ಒಂದು ಕಡೆ ನಿಂತರೆ ಇನ್ನೊಂದು ಕಾಣದ ಹಾಗೆ. ನೀರಿಗೂ ಇದೇ ಮಾತು.

ಬ್ಯಾಸಿಗಿ ಬಿಸಲಿಗೆ ಹೆಂಗ್ರಿ?

ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಜುಟ್ಟಿನಿಂದ ಬಿಸಿ ಹೊರಹಾಕಿ ತಣ್ಣಗಾಗಬೇಕು. ಭಾರದ ಹುಂಜ ಮೊದಲು ಬೀಳುತ್ತದೆ. ತಿಂದದ್ದು ಅರಗುವಾಗಲೂ ಮೈ ಕಾಯುವುದರಿಂದ ಮೇವನ್ನು ಹೊತ್ತೇರುವ ಮೊದಲು, ಹೊತ್ತು ಮುಳುಗಿದ ಮೇಲೆ ಹಾಕಿ. ತಗಡಿನ ಗೂಡಾದರೆ ಮೇಲೆ ಕಬ್ಬಿನ ರವದಿಯನ್ನೋ ಕಣಿಕೆಯನ್ನೋ ದಪ್ಪಗೆ ಹಾಸಿ, ಪಕ್ಕಕ್ಕೆ ತೊಯ್ಸಿದ ಗೋಣಿ ಇಳಿಬಿಡಿ. ನೀರು ಮಣ್ಣಿನ ಪಾತ್ರೆಯಲ್ಲಿ, ನೆರಳಲ್ಲಿ. ಬಿದ್ದ ಹುಂಜವನ್ನು ನೆರಳಿಗೆ ತಂದು ಕಾಲುಗಳನ್ನು ತಣ್ಣೀರಲ್ಲಿ ಅದ್ದಿ. ಐಸ್ ನೀರು ಬೇಡ. ಕೊಕ್ಕಿನ ತುದಿಗೆ ಹನಿ ಹನಿ ನೀರು ಮುಟ್ಟಿಸಿ, ಗಂಟಲಿಗೆ ಸುರಿಯಬೇಡಿ.

ಖಾನಾಪುರ ಕಡೆಯವರಿಗೆ ತೊಂದರೆ ಇದರ ಉಲ್ಟಾ: ಮಳೆಗಾಲದ ತೇವ. ನೆಲದಿಂದ ಎತ್ತರಿಸಿದ ಗೂಡು, ಒಣ ಹಾಸು, ಗಾಳಿ. ಹುಂಜಗಳು ಹೊರಳಾಡಲು ಒಂದು ಒಣ ಮೂಲೆಯಲ್ಲಿ ಬೂದಿ-ಮಣ್ಣು ಇಟ್ಟರೆ ಹೇನಿನ ಕಾಟ ಕಡಿಮೆ.

ಹತ್ತ ಹುಂಜ ಒಮ್ಮೆಲೆ ಕೂಗಿದ್ರ ಓಣ್ಯಾನ ಮಂದಿ ಬೈಯೂದಿಲ್ಲೇನು?

ಬೈಯುತ್ತಾರೆ. ಊರ ನಡುವಿನ ಓಣಿಯಲ್ಲಿ ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ತೋಟದ ಮನೆಯಾದರೆ ಪ್ರಶ್ನೆಯೇ ಇಲ್ಲ.

ಹುಂಜ ಬೆಳಕು ಕಂಡು ಕೂಗುತ್ತದೆ ಎಂಬುದು ಅರ್ಧ ಸತ್ಯ. ಜಪಾನಿನ ಸಂಶೋಧಕರು ಸದಾ ಮಬ್ಬು ಬೆಳಕಿನಲ್ಲಿಟ್ಟು ನೋಡಿ, ಹುಂಜದ ಮೈಯೊಳಗಿನ ಗಡಿಯಾರವೇ ಬೆಳಗಿನ ಕೂಗಿಗೆ ಕಾರಣ ಎಂದು 2013ರಲ್ಲಿ ತೋರಿಸಿದರು. 2015ರಲ್ಲಿ ಇನ್ನೊಂದು ವಿಷಯ ಪ್ರಕಟಿಸಿದರು: ಗುಂಪಿನಲ್ಲಿ ಮೊದಲು ಕೂಗುವುದು ಯಜಮಾನ ಹುಂಜ, ಉಳಿದವು ತಮ್ಮ ಸಾಲಿನ ಪ್ರಕಾರ ಆಮೇಲೆ. ಯಜಮಾನನನ್ನು ತೆಗೆದರೆ ಎರಡನೆಯದು ಮೊದಲು ಕೂಗುತ್ತದೆ. ಅಂದರೆ ಗಲಾಟೆಯ ಹುಂಜವನ್ನು ಮಾರಿದರೆ ಓಣಿ ಶಾಂತವಾಗುತ್ತದೆ ಎಂದು ಎಣಿಸಬೇಡಿ.

ಗೂಡಿನ ಕಿಂಡಿಗಳಿಗೆ ರಾತ್ರಿ ಗೋಣಿ ಕಟ್ಟಿ, ಗಾಳಿಗೆ ಮೇಲುಗಡೆ ಸಂದು ಬಿಟ್ಟು, ಗೂಡಿನ ಬಾಯಿ ನೆರೆಮನೆಯ ಆಚೆಗೆ ತಿರುಗಿಸಿದರೆ ಸದ್ದು ಅಷ್ಟಿಷ್ಟು ತಗ್ಗುತ್ತದೆ. ಕುತ್ತಿಗೆಗೆ ಪಟ್ಟಿ ಕಟ್ಟಿ ಕೂಗು ನಿಲ್ಲಿಸುವ ವಿಡಿಯೋ ನೋಡಿ ಯಾರೂ ಮಾಡಲು ಹೋಗಬೇಡಿ. ಬಿಗಿ ಒಂದಿಷ್ಟು ಹೆಚ್ಚಾದರೂ ಉಸಿರು ಕಟ್ಟುತ್ತದೆ.

ಲಸಿಕೆ ಹಾಕಿಸಲೇಬೇಕಾ?

ಹಾಕಿಸಲೇಬೇಕು. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಗುಂಪಿಗೆ ಗುಂಪೇ ಹೋಗುತ್ತದೆ: ಹಸಿರು ಹಿಕ್ಕೆ, ಉಸಿರಿನ ಗೊರಗೊರ, ಕುತ್ತಿಗೆ ತಿರುಚುವುದು. ಬಂದ ಮೇಲೆ ಔಷಧ ಇಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಲಸಿಕೆ, ಎಂಟರಿಂದ ಹತ್ತು ವಾರಕ್ಕೆ ಚರ್ಮದಡಿ ಚುಚ್ಚುವ ಆರ್2ಬಿ. ನಡುವೆ ಬೂಸ್ಟರ್ ಯಾವಾಗ ಎಂದು ನಿಮ್ಮ ಪಶುವೈದ್ಯರನ್ನು ಕೇಳಿ. ಸಿಡುಬಿನ ಲಸಿಕೆಯನ್ನೂ ವಿಚಾರಿಸಿ. ಲಸಿಕೆಯ ಬಾಟಲಿ ನೂರು ಕೋಳಿಗಿರುತ್ತದೆ, ಕಲೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಐಸ್ ಮೇಲೇ ಇರಬೇಕು. ಹಾಗಾಗಿ ನಾಲ್ಕು ಮನೆಯವರು ಕೂಡಿ ಒಂದೇ ದಿನ ಹಾಕಿಸಿದರೆ ಹಣವೂ ಉಳಿಯುತ್ತದೆ. ಮತ್ತಿಕೊಪ್ಪ, ತುಕ್ಕಾನಟ್ಟಿ, ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಮಾಹಿತಿ ಕೇಳಬಹುದು. ಪಶು ಸಹಾಯವಾಣಿ ಸಂಖ್ಯೆ 1962.

ಲಿಂಬಿ ತ್ವಾಟದಾಗ, ದಾಳಿಂಬ್ರಿ ತ್ವಾಟದಾಗ ಬಿಡಬಹುದೇನ್ರಿ?

ಹುಂಜಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಂಡಿ ಕಡೆಯ ಲಿಂಬೆ ತೋಟದಲ್ಲಿ ನೆರಳು, ಮರೆ, ಹುಳ ಎಲ್ಲ ಒಟ್ಟಿಗೇ ಸಿಗುತ್ತವೆ. ಆದರೆ ಲಿಂಬೆಯ ಬೇರು ಮೇಲ್ಮಟ್ಟದಲ್ಲೇ ಹರಡಿರುತ್ತದೆ; ಒಂದೇ ಗಿಡದ ಬುಡ ದಿನವೂ ಕೆದರಿದರೆ ಗಿಡಕ್ಕೆ ಪೆಟ್ಟು. ಬುಡಕ್ಕೆ ನಾಲ್ಕು ಕಲ್ಲು ಇಡಿ ಅಥವಾ ಗುಂಪಿನ ಜಾಗ ಬದಲಿಸುತ್ತಿರಿ. ದಾಳಿಂಬೆಗೆ, ದ್ರಾಕ್ಷಿಗೆ ಔಷಧ ಹೊಡೆಯುವುದು ಹೆಚ್ಚು. ಹೊಡೆದ ತೋಟಕ್ಕೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಬಿಡಬೇಡಿ. ಸತ್ತು ಬಿದ್ದ ಹುಳವನ್ನೇ ಮೊದಲು ಆರಿಸಿ ತಿನ್ನುತ್ತವೆ. ಪಕ್ಕದ ತೋಟದವರು ಯಾವಾಗ ಹೊಡೆಯುತ್ತಾರೆ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಮುಂಗುಸಿ, ನಾಯಿ, ಕಾಡುಬೆಕ್ಕಿನ ಭಯ ಇದ್ದೇ ಇದೆ, ಕತ್ತಲಾಗುವ ಮೊದಲು ಗೂಡಿಗೆ.

ಮಾರೂದಕ್ಕ ಛಲೋ ಹೊತ್ತು ಯಾವ್ದು?

ಶ್ರಾವಣ ಬಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದು ತಿಂಗಳು ಮಾಂಸ ಬಂದ್. ಅದಕ್ಕೆ ಮುಂಚಿನ ಆಷಾಢದ ಕೊನೆಯಲ್ಲಿ ಬೇಡಿಕೆ ಏರುತ್ತದೆ. ಬೆಳಗಾವಿಯ ಗಡಿ ಊರುಗಳಲ್ಲಿ, ಮರಾಠಿ ಮಂದಿ ಗಟಾರಿ ಎನ್ನುವ ಆ ಅಮಾವಾಸ್ಯೆಗೆ ಜವಾರಿ ಹುಂಜಕ್ಕೆ ಒಳ್ಳೆಯ ಗಿರಾಕಿ. ಅಂದರೆ ಜನವರಿಯಲ್ಲಿ ಎದ್ದ ಮರಿ ಜುಲೈ ಹೊತ್ತಿಗೆ ಆರು ತಿಂಗಳ ಹುಂಜವಾಗಿ ಮಾರಾಟಕ್ಕೆ ಸಿದ್ಧ. ಕಾವಿಗೆ ಕೂಡಿಸುವಾಗಲೇ ಈ ಲೆಕ್ಕ ಹಾಕಿ. ಶ್ರಾವಣದಲ್ಲಿ ಉಳಿದರೆ ಗಾಬರಿಯಾಗಿ ಸಿಕ್ಕ ದರಕ್ಕೆ ಕೊಡಬೇಡಿ, ದಸರೆಯವರೆಗೆ ಸಾಕಿ. ಮಾರುವಾಗ ಒಂದೊಂದೇ ಹಿಡಿದು ಕೊಡುವುದಕ್ಕಿಂತ ಅರ್ಧ ಗುಂಪು ಒಮ್ಮೆಲೆ ಕೊಡುವುದು ಲೇಸು. ಉಳಿದವುಗಳ ನಡುವಿನ ಸಾಲು ಒಂದೇ ಸಲಕ್ಕೆ ಕೂಡಿಕೊಳ್ಳುತ್ತದೆ. ಒಯ್ಯುವಾಗ ಬುಟ್ಟಿಯಲ್ಲಿ ಒಯ್ಯಿರಿ. ಬೈಕಿನ ಹ್ಯಾಂಡಲಿಗೆ ಕಾಲು ಕಟ್ಟಿ ತಲೆಕೆಳಗೆ ಜೋತುಬಿಡುವುದು ಕ್ರೌರ್ಯ, ಕಾನೂನಿಗೂ ವಿರುದ್ಧ.

ಕಾಳಗಕ್ಕ ಬೇಕು ಅಂತ ಹುಂಜ ಕೇಳಾಕ ಬರ್ತಾರ. ಕೊಡಬಹುದಾ?

ಕೊಡಬೇಡಿ. ಪ್ರಾಣಿಗಳನ್ನು ಕಾಳಗಕ್ಕೆ ಹಚ್ಚುವುದು, ಅದಕ್ಕೆ ಜಾಗ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಪೊಲೀಸರು ಬಂದಾಗ ಹುಂಜ ಎಲ್ಲಿಂದ ತಂದಿರಿ ಎಂಬ ಪ್ರಶ್ನೆಗೆ ಅವರು ನಿಮ್ಮ ಹೆಸರು ಹೇಳುತ್ತಾರೆ. ಮೂರು ಪಟ್ಟು ದರ ಹೇಳಿ, ಕಾಲುಮುಳ್ಳು ಮುಟ್ಟಿ ನೋಡುವ ಗಿರಾಕಿ ಊಟಕ್ಕೆ ಬಂದವನಲ್ಲ.

ಮುಂದ ಹ್ಯಾಟಿ ತಂದ್ರ ಇದೇ ಗುಂಪಿಗೆ ಬಿಡಬಹುದೇನ್ರಿ?

ಬೇಡ. ವರ್ಷಗಟ್ಟಲೆ ಕೂಡಿದ್ದ ಗುಂಪೂ ಒಂದೇ ಒಂದು ಹ್ಯಾಟಿಗೆ ಒಡೆಯುತ್ತದೆ, ಮೊದಲು ಆ ಹ್ಯಾಟಿಯೇ ಸಾಯುತ್ತದೆ. ಒಂದು ಹುಂಜ ಆರಿಸಿ ಹ್ಯಾಟಿಗಳ ಕಡೆ ಕಳಿಸಿ, ಅದು ಮತ್ತೆ ಹುಂಜಗಳ ಗುಂಪಿಗೆ ಬರುವ ಮಾತಿಲ್ಲ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎರಡು ಜಾಗದ ನಡುವೆ ಗೋಡೆಯನ್ನೋ ರವದಿ ತಟ್ಟಿಯನ್ನೋ ಆಳೆತ್ತರಕ್ಕೆ ಕಟ್ಟಿ. ಬರೀ ತಂತಿ ಬಲೆ ಸಾಲದು, ಅದರಾಚೆ ಹ್ಯಾಟಿ ಓಡಾಡುವುದು ಕಾಣುತ್ತಿದ್ದರೆ ಈಚೆ ಹುಂಜಗಳು ಕಡಿದಾಡುತ್ತಲೇ ಇರುತ್ತವೆ.